ಕೊಸರಿಗೆ ಇಟ್ಟ ಮಾತು

ವಿಲೋ ಗೇಟ್, ಟ್ರೆಲಾನಿ
ಜಮೈಕಾ
ಭಾನುವಾರ, ಮಾರ್ಚ್ 9

ಮುದ್ದಿನ ತಂಗಿ ಡೆಲ್‌ರೋಸ್,

ಪೆಟ್ಟಿಗೆಯೊಳಗೆ ಹಳದಿ ಹೆಗ್ಗೆಣಸಿನ ಅಡಿಯಲ್ಲಿ ಈ ಕಾಗದ ನಿನಗೆ ಸಿಕ್ಕಿರಬೇಕು. ಮಣ್ಣು ಕೊಡವಿ, ಬಾಗಿಲು ಹಾಕಿಕೊಂಡು, ಒಬ್ಬಳೇ ಕೂತು ಓದು. ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನಬೇಡ. ನಿನಗೆ ವಾಯ್ಸ್ ಮೆಸೇಜ್ ಕಳಿಸುವುದೂ ಮೊಂಟೆಗೊ ಬೇ ಬಸ್ ನಿಲ್ದಾಣದಲ್ಲಿ ನಿಂತು ಕೂಗುವುದೂ ಒಂದೇ. ನಿಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ತಾನೇ ಅದನ್ನು ಹಾಕುವುದು, ಅದೂ ಪೂರ್ತಿ ಸದ್ದು ಮಾಡಿ.

ಹೋದ ವಾರ ಫೋನಿನಲ್ಲಿ ನೀನು ಹೇಳಿದ್ದು ನನ್ನ ತಲೆಯಲ್ಲೇ ಉಳಿದಿದೆ. ಹೋಟೆಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಹಾಸಿಗೆಯ ಹೊದಿಕೆ ಮಡಿಸುತ್ತಾ ನಿಂತಲ್ಲೇ ಬೆವರಿ ತೊಯ್ದು ಹೋಗುತ್ತೀಯ, ಮೂರು ತಿಂಗಳಿಂದ ನೆಟ್ಟಗೆ ನಿದ್ದೆ ಇಲ್ಲ, ಮೇಲ್ವಿಚಾರಕಿಯ ಮುಂದೆ ಸುಮ್ಮಸುಮ್ಮನೆ ಅತ್ತುಬಿಟ್ಟೆ. ಡಾಕ್ಟರ್ ಹತ್ತಿರ ಹೋದರೆ, ಈ ವಯಸ್ಸಿಗೆ ಇದೆಲ್ಲ ಸಹಜ ಎಂದು ಕೈಗೆ ವಿಟಮಿನ್ ಕೊಟ್ಟು ಕಳಿಸಿದರು. ಗುರುವಾರ ಮತ್ತೆ ಬರಹೇಳಿದ್ದಾರೆ. ನೀನು ಹೋಗುವುದೇ ಬೇಡ ಅಂದುಕೊಂಡಿದ್ದೀಯ. ಗಂಡ ವಿನ್‌ಸ್ಟನ್ ಹೋಟೆಲಿನ ರಾತ್ರಿ ಪಾಳಿ ಮಾಡಿ ಬಂದು ಮಕ್ಕಳ ಕೋಣೆಯಲ್ಲಿ ಮಲಗುತ್ತಾನೆ, ಅವನಿಗೆ ಇದೆಲ್ಲ ಹೇಳಿ ಏನು ಪ್ರಯೋಜನ ಅಂದೆ. ನಾನು ಆಗ ಹೂಂ ಅಂದು ಸುಮ್ಮನಾದೆ. ಮಾರ್ಕೆಟ್ಟಿನಲ್ಲಿ ಪಕ್ಕದ ಜಾಗದ ಮಿಸ್ ಊನಾ ಕಿವಿ ಅಗಲ ಮಾಡಿಕೊಂಡು ಕೂತಿದ್ದಳು.

ಈಗ ಹೇಳುತ್ತೇನೆ. ಹೋಗು. ಆದರೆ ನಾನು ಹೋದ ಹಾಗೆ ಹೋಗಬೇಡ.

ಹೊಸ ವರ್ಷಕ್ಕೆ ನೀನು ಬಂದಾಗ, ಈಸ್ಟರ್ ಮುಗಿದ ಮೇಲೆ ಮಾರ್ಕೆಟ್ಟಿನ ಜಾಗವನ್ನು ಮಿಸ್ ಊನಾಳ ಸೊಸೆಗೆ ಬಿಟ್ಟುಕೊಡುತ್ತೇನೆ, ಮಂಡಿ ಸೋತಿದೆ ಅಂದಿದ್ದೆನಲ್ಲ. ಮಂಡಿ ಸೋತಿರಲಿಲ್ಲ, ಬಾಯಿ ಸೋತಿತ್ತು. ನಾನು ಬದುಕಿದ್ದೇ ಬಾಯಿಂದ. ಗೆಡ್ಡೆ ಮಾರ್ಕೆಟ್ಟಿನಲ್ಲಿ ಎಲ್ಲರ ಹತ್ತಿರವೂ ಇರುತ್ತದೆ, ಜನ ನನ್ನ ಮುಂದೆ ನಿಲ್ಲುವುದು ಮಾತಿಗೆ. ಅಂಥವಳು ಒಂದು ಶನಿವಾರ ಸೀಮೆಬದನೆ ಎತ್ತಿ ಹಿಡಿದುಕೊಂಡು ನಿಂತೆ, ಅದರ ಹೆಸರು ಬರಲಿಲ್ಲ. ಹುಟ್ಟಿದಾಗಿನಿಂದ ತಿಂದ ಕಾಯಿ. ಗಿರಾಕಿ ಕಾಯುತ್ತಿದ್ದಾಳೆ, ನಾನು ಅದನ್ನೇ ನೋಡುತ್ತಿದ್ದೇನೆ, ಅದೂ ನನ್ನನ್ನು ನೋಡುತ್ತಿದೆ. ಕೊನೆಗೆ “ಇದು ಬೇಕಾ?” ಅಂದೆ. ಮಿಸ್ ಊನಾ ಅಲ್ಲಿಂದಲೇ, “ಅವಳೀಗ ಹೆಸರಿಟ್ಟು ಮಾರಲ್ಲ ಕಣಮ್ಮಾ, ಮುಖ ನೋಡಿ ಗುರುತಿಸ್ಕೋಬೇಕು” ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಅಡುಗೆಮನೆಯಲ್ಲಿ ಕಣ್ಣಿಗೆ ಬಿದ್ದ ಪ್ರತಿಯೊಂದು ಸಾಮಾನಿನ ಹೆಸರನ್ನೂ ಜೋರಾಗಿ ಹೇಳಿ ನೋಡಿದೆ. ನಿನ್ನ ಭಾವ ಎಗ್ಬರ್ಟ್ ಬಾಗಿಲಲ್ಲಿ ನಿಂತು, “ಯಾರ ಜೊತೆ ಮಾತಾಡ್ತಿದ್ದೀಯ?” ಅಂದ. “ಬಾಣಲೆ ಜೊತೆ” ಅಂದೆ. ಬುದ್ಧಿಯೇ ಕೈಕೊಡುತ್ತಿದೆ ಅಂದುಕೊಂಡೆ, ಡೆಲ್‌ರೋಸ್. ಅದೇ ನನ್ನ ನಿಜವಾದ ಹೆದರಿಕೆ.

ಜೊತೆಗೆ ಆ ಬಿಸಿ. ಎದೆಯಿಂದ ಹತ್ತಿ ಕಿವಿಯವರೆಗೆ ಬರುವ ಬೆಂಕಿ. ಮೀನಿನ ಕಾರ್ಲ್‌ಟನ್ನನ ಐಸ್ ಪೆಟ್ಟಿಗೆಗೆ ನಾನು ಎಷ್ಟು ಸಲ ಮೊಣಕೈವರೆಗೆ ಕೈ ಇಳಿಸಿದ್ದೇನೆಂದರೆ, ಅವನು, “ಮಿಸ್ ವೆರೋನಾ, ಒಂದೋ ಮೀನು ತಗೊಳ್ಳಿ, ಇಲ್ಲಾ ನೀವೇ ಒಳಗೆ ಮಲಗಿಬಿಡಿ” ಅನ್ನುತ್ತಿದ್ದ. ಮಿಸ್ ಊನಾ ಕಾಡುಹಾಗಲ ಬಳ್ಳಿಯ ಕಷಾಯ ಕುಡಿಸಿದಳು. ಬಿಸಿ ಹಾಗೇ ಇತ್ತು, ಬಾಯಿ ಕಹಿಯಾದದ್ದು ಲಾಭ.

ಅಕ್ಟೋಬರಿನ ಸುಗ್ಗಿ ಆರಾಧನೆಯ ದಿನ ನಡೆದದ್ದನ್ನು ನಿನಗೆ ಯಾರೋ ಬೇರೆ ಥರ ಹೇಳಿದ್ದಾರೆ. ನಿಜ ಇದು. ಪಾದ್ರಿ ಪ್ರಾರ್ಥನೆಯ ನಡುವೆ ಇದ್ದರು. ನನಗೆ ಬೆಂಕಿ ಹತ್ತಿತು. ಟೋಪಿ ಕಿತ್ತೆಸೆದು, ಎರಡೂ ಕೈ ಮೇಲೆತ್ತಿ, ಕಿಟಕಿಯ ಕಡೆ ಮುಖ ಮಾಡಿ ನಿಂತುಬಿಟ್ಟೆ, ಗಾಳಿಗೆ. ಸಿಸ್ಟರ್ ಐವಿ “ಹಲ್ಲೆಲೂಯಾ” ಎಂದು ಕೂಗಿದಳು, ಡೋಲು ಶುರುವಾಯಿತು, ಪಾದ್ರಿ ಓಡಿ ಬಂದು ನನ್ನ ಹಣೆಗೆ ಎಣ್ಣೆ ಹಚ್ಚಿದರು. ಪವಿತ್ರಾತ್ಮ ಇಳಿದಿದೆಯಂತೆ. ಇಲ್ಲ ಪಾದ್ರಿಗಳೇ, ಇದು ಮುಟ್ಟು ನಿಲ್ಲುವ ಬಿಸಿ ಎಂದು ಅಷ್ಟು ಜನರ ಮುಂದೆ ಯಾವ ಹೆಂಗಸು ಹೇಳುತ್ತಾಳೆ? ಸುಮ್ಮನೆ ಬೆಂಚಿನ ಮೇಲೆ ಒರಗಿದೆ. ಅವತ್ತಿನಿಂದ ನನಗೆ ಗೌರವ ಕೊಟ್ಟು ಮೊದಲ ಸಾಲಿನಲ್ಲಿ ಕೂರಿಸುತ್ತಾರೆ. ಫ್ಯಾನಿನ ಗಾಳಿ ಬರುವುದು ಹಿಂದಿನ ಸಾಲಿಗೆ ಮಾತ್ರ.

ಇನ್ನು ಡಾಕ್ಟರ್ ವಿಷಯ. ಮೊದಲ ಸಲ ಹೋದದ್ದು ಮಾವಿನ ಹಣ್ಣಿನ ಕಾಲದಲ್ಲಿ. ಹೇಗೆ ಹೋದೆ ಎಂದು ನಿನಗೆ ಹೇಳಬೇಕಾಗಿಲ್ಲ, ಅಮ್ಮ ನಮ್ಮಿಬ್ಬರನ್ನೂ ಒಂದೇ ಥರ ಬೆಳೆಸಿದವಳು. ಸ್ನಾನ, ಕತ್ತಿಗೆ ಪೌಡರ್, ಹೊಸ ಒಳಉಡುಪು, ನೀಲಿ ಚರ್ಚ್ ಸೂಟು, ಮೇಲೆ ಟೋಪಿ, ತುಟಿಗೆ ಬಣ್ಣ. ಆರೋಗ್ಯ ಕೇಂದ್ರದ ಬೆಂಚಿನಲ್ಲಿ ನನ್ನನ್ನು ನೋಡಿ ಒಬ್ಬಳು, ಮದುವೆ ಇಲ್ಲಿಂದ ಎಷ್ಟು ದೂರ ಎಂದು ಕೇಳಿದಳು. ಡಾಕ್ಟರ್ ಸ್ಪೆನ್ಸ್ ಚಿಕ್ಕ ವಯಸ್ಸಿನವರು, ಒಳ್ಳೆಯ ಹುಡುಗ, ಕಣ್ಣ ಕೆಳಗೆ ಕಪ್ಪು. “ಹೇಗಿದ್ದೀರಿ, ಮಿಸ್ ವೆರೋನಾ?” ಅಂದರು. ನಾನು ಏನಂದೆ ಹೇಳು?

“ದೇವರ ದಯೆ ಡಾಕ್ಟ್ರೇ, ಚೆನ್ನಾಗಿದೀನಿ.”

ಅವರು ನನ್ನ ಮುಖ ನೋಡಿದರು, ಟೋಪಿ ನೋಡಿದರು, ನಂಬಿದರು. ಯಾಕೆ ನಂಬಬಾರದು? ನೋವು ಹೇಳಿಕೊಂಡರೆ ಕೊಟ್ಟ ದೇವರಿಗೆ ಕೃತಘ್ನಳಾದ ಹಾಗೆ ಎಂದು ನಮಗೆ ಯಾರೋ ಕಲಿಸಿಬಿಟ್ಟಿದ್ದಾರೆ. ಮಂಡಿ ತೋರಿಸಿದೆ, ರಕ್ತದೊತ್ತಡ ನೋಡಿಸಿಕೊಂಡೆ, ಬಾಳೆಕಾಯಿಯ ಗೊನೆಯಿಂದ ಒಂದು ಚಿಪ್ಪು ತಂದಿದ್ದೆ, ಅದನ್ನೂ ಮೇಜಿನ ಮೇಲಿಟ್ಟೆ. ಎದ್ದೆ. ಬಾಗಿಲ ಚಿಲಕಕ್ಕೆ ಕೈ ಹಾಕಿಕೊಂಡು, “ಮತ್ತೆ… ಆಗಾಗ ಒಂಥರಾ ಬಿಸಿ ಬರತ್ತೆ ಡಾಕ್ಟ್ರೇ” ಅಂದೆ. ಅಷ್ಟರಲ್ಲಿ ನರ್ಸ್ ಬೋವೆನ್ ಮುಂದಿನವಳ ಹೆಸರು ಕೂಗಿಯಾಗಿತ್ತು. “ಸೆಖೆ ಕಾಲ ಅಲ್ವಾ ತಾಯಿ, ನೀರು ಚೆನ್ನಾಗಿ ಕುಡೀರಿ” ಅಂದರು.

ಎರಡನೆಯ ಸಲ, ಸುಗ್ಗಿ ಆರಾಧನೆಯ ಮರುವಾರ, ಅದೇ ಸೂಟು, ಅದೇ ದೇವರ ದಯೆ. ನಿದ್ದೆ ಇಲ್ಲ ಎಂದು ಮಾತ್ರ ಸೇರಿಸಿದೆ. ಚಿಂತೆ ಇದೆಯಾ ಎಂದು ಕೇಳಿದರು. ಯಾರಿಗಿಲ್ಲ ಡಾಕ್ಟ್ರೇ ಅಂದೆ. ನಿದ್ದೆಗೆ ಮಾತ್ರೆ ಬರೆದುಕೊಟ್ಟರು. ನಿದ್ದೆ ಬಂತು, ಶನಿವಾರದ ಮಟಮಟ ಮಧ್ಯಾಹ್ನ, ತಕ್ಕಡಿಯ ಮೇಲೆ ಮೊಣಕೈ ಊರಿಕೊಂಡು. ಎದ್ದು ನೋಡಿದರೆ ಮುಳ್ಳು ನನ್ನ ಕೈಯ ಭಾರ ತೋರಿಸುತ್ತಿತ್ತು. “ನಿನ್ನನ್ನೇ ತೂಗಿ ಮಾರ್ಕೋತಿದ್ದೀಯಾ?” ಅಂದಳು ಮಿಸ್ ಊನಾ. ಆಮೇಲೆ ಅವಳೇ ನನ್ನ ಗಿರಾಕಿಗಳಿಗೆ ಸಂಜೆವರೆಗೆ ತೂಗಿಕೊಟ್ಟಳು, ಅದನ್ನೂ ಹೇಳಬೇಕು. ಅವತ್ತೇ ನಾನು, ಸಾಕು, ಈಸ್ಟರಿಗೆ ಜಾಗ ಬಿಡುತ್ತೇನೆ ಎಂದು ತೀರ್ಮಾನಿಸಿದ್ದು.

ಬುದ್ಧಿ ಬಂದದ್ದು ನೀನು ಹೊಸ ವರ್ಷ ಮುಗಿಸಿ ಹೋದ ಮೇಲಿನ ಶನಿವಾರ. ಒಬ್ಬಳು ಬಂದಳು, ಶಾಲೆಯ ಅಡುಗೆಯವಳು, ನೀನು ನೋಡಿಲ್ಲ. ಗೆಡ್ಡೆ ಕೊಂಡಳು, ಕುಂಬಳಕಾಯಿಯ ಹೋಳು ಕೊಂಡಳು, ಪ್ರತಿಯೊಂದನ್ನೂ ತೂಕದ ಮುಳ್ಳು ನಿಲ್ಲುವ ತನಕ ಬಿಡಲಿಲ್ಲ. ಚೀಲ ಕಟ್ಟಿದ ಮೇಲೆ, “ನನ್ನ ಬ್ರಾಟಾ?” ಅಂದಳು. ತೂಕದ ಮೇಲೆ ಬಿಟ್ಟಿ ಕೊಡುವ ಕೊಸರು. ಕೊಡದೆ ಕಳಿಸಿದರೆ ಮಾರ್ಕೆಟ್ಟಿನಲ್ಲಿ ಮಾನ ಉಳಿಯುತ್ತದೆಯೇ? ಹಿಂದೆ ಇನ್ನೊಬ್ಬಳು ಕಾಯುತ್ತಿದ್ದಳು. ನಾನು ನೋಡದೆಯೇ ಕೈಗೆ ಸಿಕ್ಕ ಒಂದು ಸೀಮೆಬದನೆಯನ್ನು ಅವಳ ಚೀಲಕ್ಕೆ ಎಸೆದೆ. ಅವಳು ತೆಗೆದು ನೋಡಿದಳು. ಒಂದು ಬದಿ ಜಜ್ಜಿಹೋಗಿತ್ತು.

“ಮಿಸ್ ವೆರೋನಾ, ಇವತ್ತು ನನಗೆ ಬೇಕಾಗಿದ್ದೇ ಸೀಮೆಬದನೆ” ಅಂದಳು.

“ಹಾಗಾದ್ರೆ ಮೊದಲೇ ಕೇಳ್ಬಾರ್ದಿತ್ತಾ? ತಕ್ಕಡಿಗೆ ಹಾಕಿ ಕೊಡ್ತಿದ್ದೆ. ಕೊಸರನ್ನ ಯಾರಮ್ಮಾ ನೋಡಿ ಕೊಡ್ತಾರೆ?”

ಈ ಮಾತು ನನ್ನ ಬಾಯಿಂದ ಬಂತು. ಬಂದ ಮೇಲೆ ನಾನೇ ಅದನ್ನು ಕೇಳಿಸಿಕೊಂಡೆ. ಚಿಲಕಕ್ಕೆ ಕೈ ಹಾಕಿಕೊಂಡು ನಿಂತ ನೀಲಿ ಸೂಟಿನ ಹೆಂಗಸು ಕಣ್ಣ ಮುಂದೆ ಬಂದಳು. ಮಂಡಿಯನ್ನು ತಕ್ಕಡಿಗೆ ಹಾಕಿ, ಉರಿಯನ್ನು ಕೊಸರಿಗೆ ಕೇಳಿದ್ದೆ. ಆ ಡಾಕ್ಟರ್ ಹುಡುಗ ಪಾಪ, ಕೈಗೆ ಸಿಕ್ಕ ಮಾತನ್ನು ಚೀಲಕ್ಕೆ ಎಸೆದಿದ್ದ. ಅಡುಗೆಯವಳಿಗೆ ಒಳ್ಳೆಯ ಸೀಮೆಬದನೆ ಆರಿಸಿ ಕೊಟ್ಟು ಕಳಿಸಿದೆ. ಮಿಸ್ ಊನಾಳಿಗೆ ಇನ್ನೂ ಆಶ್ಚರ್ಯ ಹೋಗಿಲ್ಲ.

ಮೂರನೆಯ ಸಲ ಮಾರ್ಕೆಟ್ಟಿನಿಂದ ನೇರ ಹೋದೆ. ಏಪ್ರನ್, ತಲೆಗೆ ಸುತ್ತಿದ ಬಟ್ಟೆ, ಉಗುರಲ್ಲಿ ಮಣ್ಣು. ಅಮ್ಮ ನೋಡಿದ್ದರೆ ಗೋರಿಯಿಂದ ಎದ್ದು ಬಂದು ಮುಖ ತೊಳೆಸುತ್ತಿದ್ದಳು. ನರ್ಸ್ ಬೋವೆನ್, “ಏನು ಮಿಸ್ ವೆರೋನಾ, ಮನೆಗೆ ಬೆಂಕಿ ಬಿತ್ತಾ?” ಅಂದಳು. “ಮನೆಗಲ್ಲ” ಅಂದೆ.

“ಹೇಗಿದ್ದೀರಿ?” ಅಂದರು ಡಾಕ್ಟರು.

ನಾಲಿಗೆಯ ತುದಿಯಲ್ಲಿ ದೇವರ ದಯೆ ಕೂತಿತ್ತು, ಡೆಲ್‌ರೋಸ್. ನುಂಗಿಕೊಂಡೆ. “ಚೆನ್ನಾಗಿಲ್ಲ” ಅಂದೆ. ಆ ಕುರ್ಚಿಯಲ್ಲಿ ಕೂತು ಅಷ್ಟು ಚಿಕ್ಕ ಮಾತು ಹೇಳುವುದು ಅಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ.

“ಮಂಡಿನಾ?”

“ಮಂಡಿ ಇವತ್ತು ಮಾರಾಟಕ್ಕಿಲ್ಲ ಡಾಕ್ಟ್ರೇ. ನನಗೆ ಮುಟ್ಟು ನಿಂತು ವರ್ಷ ದಾಟಿದೆ. ಮೈಗೆ ಬೆಂಕಿ ಹತ್ತತ್ತೆ, ನಿದ್ದೆ ಇಲ್ಲ, ಮಾತು ಮರೀತಿದೆ. ನಾನು ಅಂಗಡಿ ಮುಚ್ಚೋಕೆ ಹೊರಟಿದೀನಿ. ಅದಕ್ಕೆ ಔಷಧಿ ಇದ್ಯಾ, ಇದ್ರೆ ನನಗ್ಯಾಕಿಲ್ಲ, ಇದಿಷ್ಟೇ ನಾನು ಕೇಳೋಕೆ ಬಂದಿರೋದು.”

ಅವರು ಪೆನ್ನು ತಿರುಗಿಸಿದರು. ಈ ವಯಸ್ಸಿಗೆ ಇದು ಸಹಜ ಎಂದು ಶುರು ಮಾಡಿದರು. ಹಲ್ಲು ನೋಯುವುದೂ ಸಹಜ, ಉದುರುವ ತನಕ ಕಾದಿರಿ ಎಂದು ಯಾರೂ ಹೇಳುವುದಿಲ್ಲ ಅಂದೆ. ಹಾರ್ಮೋನ್ ಮಾತ್ರೆ ಇದೆ, ಆದರೆ ಅದರಲ್ಲಿ ಅಪಾಯ ಉಂಟು, ಸ್ತನದ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವುದು ಅಂದರು. ಇಲ್ಲಿ ನೀನು ಹೆದರಬಾರದು, ಕೇಳಬೇಕು. ನಾನು ಕೇಳಿದೆ: “ಯಾರಿಗೆ ಅಪಾಯ? ಎಲ್ಲರಿಗೂನಾ, ನನಗಾ? ಎಷ್ಟು? ನನಗೆ ಆಗಿಬರತ್ತೋ ಇಲ್ವೋ ತಿಳ್ಕೊಳ್ಳೋಕೆ ನೀವು ಏನೇನು ಕೇಳ್ಬೇಕೋ ಕೇಳಿ. ಉತ್ತರ ಹೇಳೋಕೇ ಬಂದಿದೀನಿ. ಬೇಡ ಅನ್ನೋದಾದ್ರೆ ಯಾಕೆ ಬೇಡ ಅಂತ ಬಿಡಿಸಿ ಹೇಳಿ, ಇನ್ನೊಬ್ಬರ ಹತ್ತಿರ ಅದನ್ನೇ ಹೇಳಿ ಕೇಳ್ತೀನಿ.”

ಮಾತು ಹರಿಯುತ್ತಿತ್ತು, ಶನಿವಾರದ ಹಾಗೆ. ನೋಡಿ ಡಾಕ್ಟ್ರೇ, ಒಂದು ಕಡೆ ಅಪಾಯ ಇಡಿ, ಒಂದು ಕಡೆ ನನ್ನ ಬದುಕು ಇಡಿ, ಎರಡನ್ನೂ ಇಟ್ಟು ತೂಗೋದಕ್ಕೆ ಒಂದು… ಅಂದೆ. ಅಲ್ಲಿ ನಿಂತಿತು. ಪದ ಇಲ್ಲ. ಮೂವತ್ತು ವರ್ಷದಿಂದ ದಿನಾ ಮುಟ್ಟುವ ವಸ್ತು. ನಾನು ಎರಡೂ ಕೈ ಚಾಚಿದೆ, ಒಂದನ್ನು ಮೇಲೆ ಮಾಡಿದೆ, ಇನ್ನೊಂದನ್ನು ಕೆಳಗೆ. ಅದೇ ಹೊತ್ತಿಗೆ ಬೆಂಕಿಯೂ ಹತ್ತಿತು. ಕತ್ತು, ಕೆನ್ನೆ, ತಲೆಗೆ ಸುತ್ತಿದ ಬಟ್ಟೆಯಿಂದ ನೀರು ಇಳಿಯುತ್ತಿದೆ, ನಾನು ಕೈ ಚಾಚಿಕೊಂಡು ಕೂತಿದ್ದೇನೆ.

ಅವರು ನಗಲಿಲ್ಲ. ಗಡಿಯಾರ ನೋಡಲಿಲ್ಲ. ಮೆಲ್ಲಗೆ, “ತಕ್ಕಡಿ” ಅಂದರು.

“ಹೂಂ. ಅದೇ” ಅಂದೆ.

ಆಮೇಲೆ ಎದ್ದು ಹೋಗಿ ಕಿಟಕಿ ತೆರೆದರು. ವಾಪಸ್ ಬಂದು ಪೆನ್ನು ಕೆಳಗಿಟ್ಟರು. “ಮಿಸ್ ವೆರೋನಾ, ನಿಮಗೆ ಇಷ್ಟಾಗ್ತಿದೆ ಅಂತ ನನಗೆ ಗೊತ್ತೇ ಇರ್ಲಿಲ್ಲ. ಹಿಂದಿನ ಎರಡು ಸಲಾನೂ ಚೆನ್ನಾಗಿದೀನಿ ಅಂದ್ರಿ” ಅಂದರು. ಅಂದಿದ್ದೆ. “ನಾನೂ ಸರಿಯಾಗಿ ಕೇಳಲಿಲ್ಲ” ಎಂದು ಅವರೇ ಸೇರಿಸಿದರು. ಆ ಮಾತಿಗೆ ನಾನು ಅವರಿಗೆ ಮಾರ್ಕು ಕೊಟ್ಟೆ.

ಆಮೇಲೆ ಕೇಳಿದರು. ಮನೆಯಲ್ಲಿ ಯಾರಿಗಾದರೂ ಸ್ತನದ ಕ್ಯಾನ್ಸರ್ ಇತ್ತೇ, ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತೇ, ಪಾರ್ಶ್ವವಾಯು, ಸಿಗರೇಟು, ಮುಟ್ಟು ನಿಂತ ಮೇಲೆ ರಕ್ತ ಏನಾದರೂ ಕಂಡಿತೇ. ಕಂಡರೆ ಒಂದು ದಿನವೂ ಕಾಯದೆ ಬರಬೇಕಂತೆ, ಇದನ್ನು ನೀನೂ ನೆನಪಿಟ್ಟುಕೋ. ರಕ್ತದೊತ್ತಡ ಮತ್ತೆ ನೋಡಿದರು. ತಾನು ಈ ಔಷಧಿಯನ್ನು ಹೆಚ್ಚು ಜನರಿಗೆ ಕೊಟ್ಟಿಲ್ಲ ಎಂದು ಬಾಯಿಬಿಟ್ಟು ಹೇಳಿ, ನನ್ನೆದುರೇ ಹೆಂಗಸರ ದೊಡ್ಡ ಡಾಕ್ಟರಿಗೆ ಫೋನು ಮಾಡಿದರು. ಹೊರಗೆ ಬೆಂಚಿನವರು ಗೊಣಗುವುದು ಕೇಳಿಸುತ್ತಿತ್ತು. ಗೊಣಗಲಿ, ನಾನೂ ಆ ಬೆಂಚಿನಲ್ಲಿ ಕೂತು ಬೇರೆಯವರ ಮೇಲೆ ಗೊಣಗಿದವಳೇ. ಸ್ತನದ ಪರೀಕ್ಷೆ ಮಾಡಿಸಿಕೊಂಡು ಬಂದ ಮೇಲೆ ಎರಡು ಹಾರ್ಮೋನಿರುವ ಔಷಧಿ ಶುರುವಾಯಿತು. ಗರ್ಭಕೋಶ ಇರುವವರಿಗೆ ಎರಡೂ ಬೇಕಂತೆ. ನಿನಗೆ ಇದೇ ಹೊಂದುತ್ತದೆ ಎಂದಲ್ಲ. ಹಾರ್ಮೋನ್ ಆಗದವರಿಗೆ ಬೇರೆ ಮಾತ್ರೆಗಳೂ ಇವೆಯಂತೆ. ನೀನು ಕೇಳಬೇಕಾದದ್ದು ಇಷ್ಟೇ: ನನಗೆ ಯಾವುದು, ಯಾಕೆ, ಹಿಡಿಸಿತೋ ಇಲ್ಲವೋ ನೋಡಲು ಮತ್ತೆ ಯಾವಾಗ ಬರಲಿ.

ಈಗ ಹದಿನೆಂಟರ ಹುಡುಗಿಯಾಗಿಬಿಟ್ಟೆ ಅನ್ನುವುದಿಲ್ಲ. ಮಂಡಿ ಮಂಡಿಯೇ. ಆದರೆ ಬೆಂಕಿ ಅಪರೂಪಕ್ಕೆ ಬಂದು ಮುಖ ತೋರಿಸಿ ಹೋಗುತ್ತದೆ, ನಿದ್ದೆ ಬರುತ್ತದೆ. ಮಾತು ಪೂರ್ತಿ ಬಂದಿಲ್ಲ, ಆದರೆ ಹೋದ ಪದ ಸ್ವಲ್ಪ ಹೊತ್ತಿಗೆ ತಾನೇ ವಾಪಸು ಬರುತ್ತದೆ, ಹಳ್ಳಿಗೆ ಹೋದ ಬಸ್ಸಿನ ಹಾಗೆ. ಬುದ್ಧಿ ಕೆಟ್ಟಿಲ್ಲ, ನಿದ್ದೆ ಕೆಟ್ಟಿತ್ತು ಅಷ್ಟೇ ಎಂದು ಕೇಳಿದ ದಿನ ನಾನು ಆರೋಗ್ಯ ಕೇಂದ್ರದ ಗೇಟಿನ ಹೊರಗೆ ನಿಂತು ಅತ್ತೆ. ಮಿಸ್ ಊನಾಳ ಸೊಸೆಗೆ ಜಾಗ ಇಲ್ಲ ಎಂದು ಹೇಳಿದ್ದೇನೆ. ಮಿಸ್ ಊನಾ ಒಂದು ವಾರ ನನ್ನೊಡನೆ ಮಾತು ಬಿಟ್ಟಿದ್ದಳು. ಎಂಟನೆಯ ದಿನ ಬಂದು ಪಕ್ಕದಲ್ಲಿ ಕೂತು, ದನಿ ಇಳಿಸಿ, ಆ ಡಾಕ್ಟರ ಹತ್ತಿರ ಏನಂದೆ, ಸರಿಯಾಗಿ ಹೇಳು ಎಂದು ಕೇಳಿದಳು. ಅವಳಿಗೆ ಅರವತ್ತಾರು. ಇನ್ನೂ ಉರಿಯುತ್ತದಂತೆ. ಇಷ್ಟು ದಿನ ನನ್ನನ್ನು ಆಡಿಕೊಂಡು ನಕ್ಕಿದ್ದು ಅದಕ್ಕೇ ಇರಬೇಕು.

ಗುರುವಾರ ಕೆಲಸದ ಉಡುಪಿನಲ್ಲೇ ಹೋಗು. ತುಟಿಗೆ ಬಣ್ಣ ಬೇಡ. ಹೇಗಿದ್ದೀರಿ ಅಂದಾಗ ದೇವರನ್ನು ನಡುವೆ ತರಬೇಡ, ಅವನಿಗೆ ಬೇಸರವಾಗುವುದಿಲ್ಲ. ಎಲ್ಲಕ್ಕಿಂತ ದೊಡ್ಡದನ್ನು ಮೊದಲು ತಕ್ಕಡಿಗೆ ಹಾಕು. ಒಬ್ಬಳೇ ಹೋಗಲು ಧೈರ್ಯ ಸಾಲದಿದ್ದರೆ ಹೇಳಿ ಕಳಿಸು, ಬುಧವಾರದ ಬಸ್ಸಿಗೆ ಬರುತ್ತೇನೆ. ಹೊರಗೆ ಬೆಂಚಿನಲ್ಲಿ ಕೂರುತ್ತೇನೆ, ಬಾಯಿ ಬಿಡುವುದಿಲ್ಲ. ಅದನ್ನು ನೀನು ನಂಬುವುದಿಲ್ಲ ಎಂದು ಗೊತ್ತು.

ಇಲ್ಲಿ ಎಗ್ಬರ್ಟ್ ಆರಾಮಾಗಿದ್ದಾನೆ, ನಿನ್ನನ್ನು ಕೇಳಿದ ಎಂದು ಬರೆಯಲು ಹೇಳುತ್ತಿದ್ದಾನೆ. ಗೆಡ್ಡೆಯ ತಲೆಭಾಗ ಎಸೆಯಬೇಡ, ಹಿತ್ತಿಲಲ್ಲಿ ನೆಡು.

ನಿನ್ನ ಅಕ್ಕ,
ವೆರೋನಾ

ತಾ.ಕ.: ಕಾಗದ ಮಡಿಸಿ ಗೆಡ್ಡೆಯ ಕೆಳಗಿಟ್ಟು, ಮತ್ತೆ ತೆಗೆದೆ. ಎಗ್ಬರ್ಟ್ ಒಂದು ವರ್ಷ ಜಗಲಿಯ ಸೋಫಾದ ಮೇಲೆ ಮಲಗುತ್ತಿದ್ದ, ಗೊರಕೆ ಜಾಸ್ತಿ ಎಂದು ನಿನಗೂ ಹೇಳಿದ್ದೆ, ಊರಿಗೂ ಹೇಳಿದ್ದೆ. ಗೊರಕೆ ಅಲ್ಲ. ಅವನು ಹತ್ತಿರ ಬಂದರೆ ನನಗೆ ನೋಯುತ್ತಿತ್ತು, ಒಳಗೆ ಒಣಗಿ ಬಿರುಕು ಬಿಟ್ಟ ಹಾಗೆ. ಅದನ್ನು ಹೇಳುವ ಬದಲು ಬೆನ್ನು ತಿರುಗಿಸಿದೆ. ಅವನು ಏನೂ ಕೇಳದೆ ದಿಂಬು ತೆಗೆದುಕೊಂಡು ಹೊರಗೆ ಹೋದ. ಬೇಡವಾದೆ ಅಂದುಕೊಂಡಿರಬೇಕು. ಮೂರನೆಯ ಸಲವೂ, ಅಷ್ಟೆಲ್ಲ ಮಾತಾಡಿದ ಮೇಲೂ, ಇದನ್ನು ಹೇಳದೆ ಎದ್ದಿದ್ದೆ. ಚಿಲಕಕ್ಕೆ ಕೈ ಹಾಕಿದ್ದೆ, ನರ್ಸ್ ಹೆಸರು ಕೂಗಿಯಾಗಿತ್ತು. ಆಗ ಕೈ ತೆಗೆದು, ತಿರುಗಿ ಬಂದು, ಕುರ್ಚಿಯಲ್ಲಿ ಮತ್ತೆ ಕೂತು ಹೇಳಿದೆ. ಅದಕ್ಕೆ ಬೇರೆಯದೇ ಒಂದು ಕ್ರೀಮು ಇದೆಯಂತೆ, ಅಲ್ಲಿಗೇ ಹಚ್ಚುವುದು. ಎಗ್ಬರ್ಟನಿಗೂ ಹೇಳಿದೆ, ಅದು ಡಾಕ್ಟರಿಗೆ ಹೇಳುವುದಕ್ಕಿಂತ ಕಷ್ಟವಾಯಿತು. ಅವನು, “ಇಷ್ಟೇನಾ?” ಅಂದ. ಈಗ ಒಳಗೇ ಮಲಗುತ್ತಾನೆ. ಗೊರಕೆ ನಿಜವಾಗಿಯೂ ಇದೆ.

ನೋಡು, ನಿನಗೆ ಬರೆಯುವಾಗಲೂ ಇದನ್ನು ಕೊಸರಿಗೇ ಇಟ್ಟೆ. ವಿನ್‌ಸ್ಟನ್ ರಾತ್ರಿ ಪಾಳಿಯ ದೆಸೆಯಿಂದ ಮಕ್ಕಳ ಕೋಣೆಯಲ್ಲಿ ಮಲಗುತ್ತಾನೆ ಅಂದೆಯಲ್ಲ, ನಾನು ಏನೂ ಕೇಳುವುದಿಲ್ಲ. ನಾನೂ ಗೊರಕೆ ಅಂದಿದ್ದೆ. ಗುರುವಾರ ಕುರ್ಚಿಯಲ್ಲಿ ಕೂತ ಕೂಡಲೇ ಅದನ್ನೇ ಮೊದಲು ಹೇಳು.